ಜ್ವರ ಬಂದಾಗ ಕುತ್ತಿಗೆಯ ಗಂಟುಗಳು ಊದುವುದೇಕೆ?

ಸಂಜೆಮಲ್ಲಿಗೆ (ಪ್ರಶ್ನೆ)

ಮಗಳಿಗೆ ಗಂಟಲುನೋವು, ಜ್ವರ ಬಂದು ಹೋಯಿತು. ಈಗ ಆಟ, ಊಟ, ಹಟ ಎಲ್ಲವೂ ಮೊದಲಿನಂತೆಯೇ ಇವೆ. ಆದರೆ ದವಡೆಯ ಮೂಲೆಯ ಕೆಳಗೆ ಎರಡೂ ಕಡೆ ಕೈಗೆ ಸಿಗುವ ಗಂಟುಗಳು ಮಾತ್ರ ಉಳಿದುಕೊಂಡಿವೆ. ಮುಟ್ಟಿದರೆ ಜಾರುತ್ತವೆ. ಮೊದಲಿನಷ್ಟು ನೋವಿಲ್ಲ. ವೈದ್ಯರು ನೋಡಿ, "ದುಗ್ಧಗ್ರಂಥಿ, ಸೋಂಕಿಗೆ ಊದಿಕೊಂಡಿದೆ, ತಾನಾಗಿಯೇ ಇಳಿಯುತ್ತದೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅವರ ಮಾತಿನ ಮೇಲೆ ನನಗೆ ಅನುಮಾನವಿಲ್ಲ. ಹೊರಗೆ ಇನ್ನೂ ಜನ ಕಾಯುತ್ತಿದ್ದುದರಿಂದ ಹೆಚ್ಚು ಕೇಳಲು ಸಂಕೋಚವಾಯಿತು, ಅಷ್ಟೆ.

ಸೋಂಕು ಇದ್ದದ್ದು ಗಂಟಲಿನಲ್ಲಿ. ಊದಿದ್ದು ಕುತ್ತಿಗೆ ಏಕೆ? ಆ ಗಂಟಿನೊಳಗೆ ಇರುವುದು ಕೀವೋ, ನೀರೋ, ಮತ್ತೇನೋ? ಜ್ವರ ಬಿಟ್ಟ ಮೇಲೂ ಅದು ಇಳಿಯದಿರುವುದೇಕೆ?

ಹಳೆಯ ಓದುಗ

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ ತಾಯಿ. ದುಗ್ಧಗ್ರಂಥಿ ಎಂದರೆ ದೇಹದ ಜರಡಿ. ರೋಗಾಣುಗಳೂ ಸತ್ತ ಜೀವಕೋಶಗಳೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ, ಜರಡಿ ಕಟ್ಟಿಕೊಂಡು ಊದುತ್ತದೆ. ಬಿಸಿ ಶಾಖ ಕೊಟ್ಟು ಮೃದುವಾಗಿ ನೀವಿದರೆ ಬೇಗ ಕರಗುತ್ತದೆ.

ಗಾಜಿನ ಪಟ್ಟಿ

ನೀವಬೇಡಿ, ದಯವಿಟ್ಟು. ಜರಡಿಯ ಮಾತು ಅರ್ಧ ನಿಜ, ಆದರೆ ಊತಕ್ಕೆ ಕಾರಣ ಅದಲ್ಲ.

ನಾನು ರೋಗಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಬಹಳ ಕಾಲ ಬೀಡಿ, ಸಿಗರೇಟು ಸೇದಿದವರ ಅಥವಾ ಹೊಗೆಯ ನಡುವೆ ಬದುಕಿದವರ ಶ್ವಾಸಕೋಶದ ಬುಡದಲ್ಲಿರುವ ದುಗ್ಧಗ್ರಂಥಿಯನ್ನು ಕತ್ತರಿಸಿದರೆ ಒಳಗೆಲ್ಲ ಕಪ್ಪು. ವರ್ಷಗಟ್ಟಲೆ ಉಸಿರಿನೊಡನೆ ಒಳಹೋದ ಇಂಗಾಲದ ಕಣಗಳು ಅವು. ತೋಳಿಗೆ ಹಚ್ಚೆ ಹಾಕಿಸಿಕೊಂಡವರ ಕಂಕುಳಿನ ಗ್ರಂಥಿಯಲ್ಲಿ ಹಚ್ಚೆಯ ಬಣ್ಣವೇ ಸಿಗುತ್ತದೆ. ಸೋಸುವ ಕೆಲಸ ಅಲ್ಲಿ ನಡೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಸಿಕ್ಕಿಕೊಂಡದ್ದರಿಂದಲೇ ಊತ ಬರುವುದಾಗಿದ್ದರೆ ಇವರೆಲ್ಲ ಜೀವನವಿಡೀ ಗಂಟು ಹೊತ್ತುಕೊಂಡೇ ತಿರುಗಬೇಕಿತ್ತು. ಹಾಗೆ ಆಗುವುದಿಲ್ಲ.

ಆಗುವುದು ಬೇರೆ. ರಕ್ತನಾಳಗಳಿಂದ ಒಸರಿ ಅಂಗಾಂಶಗಳ ನಡುವೆ ಸೇರುವ ದ್ರವದಲ್ಲಿ ಒಂದು ಪಾಲು ದುಗ್ಧರಸವೆಂಬ ಹೆಸರಿನಲ್ಲಿ ದುಗ್ಧನಾಳಗಳ ಮೂಲಕ ಮತ್ತೆ ರಕ್ತಕ್ಕೆ ಮರಳುತ್ತದೆ. ದಿನಕ್ಕೆ ಎರಡರಿಂದ ನಾಲ್ಕು ಲೀಟರ್. ಆ ದಾರಿಯಲ್ಲಿ ಅಲ್ಲಲ್ಲಿ ಕೂತಿರುವ ಪುಟ್ಟ ಅಂಗಗಳೇ ಈ ಗ್ರಂಥಿಗಳು. ಇಡೀ ದೇಹದಲ್ಲಿ ಆರುನೂರರ ಆಸುಪಾಸು ಇವೆ. ಗಂಟಲಿನಲ್ಲಿ ಸೋಂಕು ತಗುಲಿದಾಗ ಅಲ್ಲಿನ ಡೆಂಡ್ರೈಟಿಕ್ ಕೋಶಗಳು ರೋಗಾಣುವಿನ ತುಣುಕನ್ನು ನುಂಗಿ, ದುಗ್ಧನಾಳ ಹಿಡಿದು ಹತ್ತಿರದ ಗ್ರಂಥಿಗೆ ಬರುತ್ತವೆ. ಗಂಟಲಿನ ಮಟ್ಟಿಗೆ ಆ ಹತ್ತಿರದ ಗ್ರಂಥಿ ದವಡೆಯ ಮೂಲೆಯ ಕೆಳಗಿನದು. ತಂದ ತುಣುಕನ್ನು ಅಲ್ಲಿ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಆ ತುಣುಕನ್ನು ಗುರುತಿಸಿ ಹಿಡಿಯುವ ಗ್ರಾಹಕ ಮೈಮೇಲಿರುವ ಲಿಂಫೋಸೈಟು ಸಿಕ್ಕಿದರೆ ಅದು ಒಡೆದು ಒಡೆದು ಹೆಚ್ಚುತ್ತದೆ. ಸೋಂಕು ಇರುವುದು ಗಂಟಲಿನಲ್ಲಾದರೂ ಅದಕ್ಕೆ ಉತ್ತರ ಸಿದ್ಧವಾಗುವುದು ಕುತ್ತಿಗೆಯಲ್ಲಿ. ನಿಮ್ಮ ಮೊದಲ ಪ್ರಶ್ನೆಗೆ ಇದು ಉತ್ತರ.

ಎರಡನೆಯದು ನನ್ನ ದಿನನಿತ್ಯದ ಕೆಲಸ. ಊದಿದ ಗ್ರಂಥಿಗೆ ಸಣ್ಣ ಸೂಜಿ ಚುಚ್ಚಿ ತೆಗೆದ ಹನಿಯನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡಿದರೆ ಸಾಮಾನ್ಯವಾಗಿ ಕೀವು ಕಾಣುವುದಿಲ್ಲ. ಕಾಣುವುದು ಜೀವಕೋಶಗಳ ಜಂಗುಳಿ. ಗಾಢ ನೀಲಿಯ ಪುಟ್ಟ ದುಂಡು ಲಿಂಫೋಸೈಟುಗಳೇ ಹೆಚ್ಚು. ಅವುಗಳ ನಡುವೆ ಎರಡು ಮೂರು ಪಟ್ಟು ದೊಡ್ಡದಾದ, ತೆಳುಬಣ್ಣದ ಕೋಶಕೇಂದ್ರವಿರುವವು. ಕೆಲವು ಇಬ್ಭಾಗವಾಗುತ್ತಿರುವ ಗಳಿಗೆಯಲ್ಲೇ ಸಿಕ್ಕಿಬಿದ್ದಿರುತ್ತವೆ. ಅಲ್ಲೊಂದು ಇಲ್ಲೊಂದು ದೊಡ್ಡ ಭಕ್ಷಕಕೋಶ, ಅದರ ಹೊಟ್ಟೆಯಲ್ಲಿ ಸತ್ತ ಲಿಂಫೋಸೈಟುಗಳ ಚೂರುಗಳು. ಹೀಗೆ ಸಣ್ಣದು, ನಡುವಿನದು, ದೊಡ್ಡದು ಎಲ್ಲ ಬೆರೆತು ಕಂಡರೆ ನಮಗೆ ಸಮಾಧಾನ. ಒಂದೇ ಬಗೆಯ ಕೋಶ ಪಟ್ಟಿಯ ಉದ್ದಕ್ಕೂ ಹರಡಿದ್ದರೆ ಆಗ ಹಿರಿಯರನ್ನು ಕರೆಯುತ್ತೇವೆ.

ಕೀವು ಇರುವುದೇ ಇಲ್ಲವೆಂದಲ್ಲ. ಸ್ಟ್ಯಾಫೈಲೊಕಾಕಸ್, ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಗ್ರಂಥಿಯೊಳಗೇ ನೆಲೆಯೂರಿದರೆ ಕೀವಾಗುತ್ತದೆ. ಆಗ ಮೇಲಿನ ಚರ್ಮ ಕೆಂಪಾಗಿ ಸುಡುತ್ತದೆ, ಒತ್ತಿದರೆ ಒಳಗೆ ದ್ರವ ತುಳುಕಿದಂತೆ ಇರುತ್ತದೆ, ಮುಟ್ಟಲೂ ಬಿಡದಷ್ಟು ನೋಯುತ್ತದೆ. ಅದಕ್ಕೆ ತಡಮಾಡದೆ ಚಿಕಿತ್ಸೆ ಬೇಕು.

ಲೆಕ್ಕಿಗ

ಗಾಜಿನ ಪಟ್ಟಿ ಅವರ ವಿವರಣೆ ಚೆನ್ನಾಗಿದೆ, ಆದರೆ ನನ್ನ ಲೆಕ್ಕಕ್ಕೆ ಕೂಡಿಬರುತ್ತಿಲ್ಲ. ಯಾವುದೇ ಒಂದು ರೋಗಾಣುವಿನ ತುಣುಕಿಗೆ ಹೊಂದುವ ಟಿ ಕೋಶಗಳು (ಲಿಂಫೋಸೈಟುಗಳಲ್ಲೇ ಒಂದು ಬಗೆ) ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಇರುತ್ತವೆ ಎಂದು ಓದಿದ್ದೇನೆ. ಅಂಥ ಒಂದು ಕೋಶ ಎಂಟು ಗಂಟೆಗೊಮ್ಮೆ ಇಬ್ಭಾಗವಾಗುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಎಂಟು ಪಟ್ಟು. ಎರಡು ದಿನಕ್ಕೆ 64. ಐದು ದಿನಕ್ಕೆ 32,768. ಐದನೆಯ ದಿನದ ಸಂಖ್ಯೆ ದೊಡ್ಡದು, ಒಪ್ಪುತ್ತೇನೆ. ಆದರೆ ಗಂಟಲು ಕೆರೆತ ಶುರುವಾದ ಮರುದಿನವೇ ಎಷ್ಟೋ ಜನರಿಗೆ ಗಂಟು ಕೈಗೆ ಸಿಗುತ್ತದೆ. ಲಕ್ಷಕ್ಕೊಂದು ಇದ್ದದ್ದು ಎಂಟು ಪಟ್ಟಾದರೆ ಗ್ರಂಥಿ ಊದುವುದು ಹೇಗೆ?

ಪಾಠದ ಮೇಜು

ಲೆಕ್ಕಿಗರೇ, ಪಠ್ಯಪುಸ್ತಕಗಳು ಹಾರಿಸಿ ಬಿಡುವ ಜಾಗಕ್ಕೇ ನೀವು ಕೈ ಹಾಕಿದ್ದೀರಿ. ಜೀವಶಾಸ್ತ್ರ ಪಾಠ ಮಾಡುವವನಾಗಿ ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲ ದಿನಗಳ ಊತ ಹೆಚ್ಚುಪಾಲು ಹೊಸದಾಗಿ ಹುಟ್ಟಿದ ಕೋಶಗಳಿಂದ ಬಂದದ್ದಲ್ಲ. ಒಳಗೆ ಬಂದವರು ಹೊರಗೆ ಹೋಗದಿರುವುದರಿಂದ ಬಂದದ್ದು.

1950ರ ದಶಕದವರೆಗೂ ಲಿಂಫೋಸೈಟು ಏತಕ್ಕಿದೆ ಎಂಬುದೇ ಯಾರಿಗೂ ಖಚಿತವಿರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಜೇಮ್ಸ್ ಗವನ್ಸ್ ಇಲಿಗಳ ಎದೆಯ ಮುಖ್ಯ ದುಗ್ಧನಾಳಕ್ಕೆ ಕೊಳವೆ ಇಟ್ಟು ದ್ರವವನ್ನು ಹೊರಗೆ ಹರಿಸಿದರು. ಹರಿಸುತ್ತ ಹೋದಂತೆ ಅದರಲ್ಲಿ ಬರುವ ಲಿಂಫೋಸೈಟುಗಳು ಕಡಿಮೆಯಾದವು. ತೆಗೆದ ಕೋಶಗಳನ್ನು ರಕ್ತಕ್ಕೆ ಮರಳಿಸಿದರೆ ಸಂಖ್ಯೆ ಮತ್ತೆ ಏರಿತು. ಅಂದರೆ ಇವು ರಕ್ತದಿಂದ ಗ್ರಂಥಿಗೆ, ಗ್ರಂಥಿಯಿಂದ ದುಗ್ಧರಸಕ್ಕೆ, ಅಲ್ಲಿಂದ ಮತ್ತೆ ರಕ್ತಕ್ಕೆ ಸುತ್ತುತ್ತಲೇ ಇರುತ್ತವೆ. 1959ರಲ್ಲಿ ಇದು ಪ್ರಕಟವಾಯಿತು. ಅಷ್ಟು ಸರಳ ಪ್ರಯೋಗದಿಂದ ಅಷ್ಟು ದೊಡ್ಡ ವಿಷಯ ತಿಳಿದದ್ದು ನನಗೆ ಇವತ್ತಿಗೂ ಬೆರಗು.

ಆರೋಗ್ಯವಾಗಿರುವಾಗ ಒಂದು ಲಿಂಫೋಸೈಟು ಒಂದು ಗ್ರಂಥಿಯಲ್ಲಿ ಅರ್ಧ ದಿನವೋ ಒಂದು ದಿನವೋ ಸುತ್ತಾಡಿ, ತನಗೆ ಬೇಕಾದದ್ದು ಸಿಗದಿದ್ದರೆ ಹೊರಟುಬಿಡುತ್ತದೆ. ಹೊರದಾರಿ ತೋರಿಸುವುದು ಎಸ್‌1ಪಿ ಎಂಬ ಒಂದು ಕೊಬ್ಬಿನ ಅಣು. ರಕ್ತದಲ್ಲೂ ದುಗ್ಧರಸದಲ್ಲೂ ಅದು ಹೆಚ್ಚು, ಗ್ರಂಥಿಯ ಒಳಗೆ ಕಡಿಮೆ. ಲಿಂಫೋಸೈಟು ತನ್ನ ಮೈಮೇಲಿನ ಗ್ರಾಹಕದಿಂದ ಅದನ್ನು ಗುರುತಿಸಿ ಹೆಚ್ಚಿರುವ ಕಡೆಗೆ ಸಾಗುತ್ತದೆ. ಸೋಂಕಿನ ಸುದ್ದಿಯೊಂದಿಗೆ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನು ಹೆಚ್ಚಿತೆಂದರೆ ಲಿಂಫೋಸೈಟಿನ ಮೇಲೆ ಸಿಡಿ69 ಎಂಬ ಪ್ರೋಟೀನು ಮೂಡುತ್ತದೆ. ಅದು ಆ ಗ್ರಾಹಕವನ್ನು ಕೋಶದ ಒಳಕ್ಕೆ ಎಳೆದುಕೊಳ್ಳುತ್ತದೆ. ದಾರಿ ತಪ್ಪಿತು! ರೋಗಾಣುವಿಗೆ ಹೊಂದುವ ಕೋಶ, ಹೊಂದದ ಕೋಶ ಎಂಬ ಭೇದವಿಲ್ಲದೆ ಎಲ್ಲವೂ ಒಳಗೇ ಉಳಿಯುತ್ತವೆ. ಇದೇ ಹೊತ್ತಿಗೆ ಗ್ರಂಥಿಗೆ ರಕ್ತ ತರುವ ನಾಳ ಹಿಗ್ಗಿ, ಹೊಸ ಕೋಶಗಳು ಬರುವ ವೇಗ ಹೆಚ್ಚುತ್ತದೆ. ಬರುವುದು ಜಾಸ್ತಿ, ಹೋಗುವುದು ನಿಂತಿದೆ. ನಿಮ್ಮ ಲೆಕ್ಕ ಇಲ್ಲಿ ಕೂಡುತ್ತದೆ.

ಕುರಿಗಳಲ್ಲಿ ಒಂದೇ ಗ್ರಂಥಿಯಿಂದ ಹೊರಬರುವ ನಾಳಕ್ಕೆ ಕೊಳವೆ ಇಟ್ಟು ಎಣಿಸಿದಾಗಲೂ ಹೀಗೆಯೇ ಕಂಡಿತ್ತು. ಹೊರಬರುವ ಕೋಶಗಳು ಕೆಲವೇ ಗಂಟೆಗಳಲ್ಲಿ ಕುಸಿಯುತ್ತವೆ, ಕೆಲವು ದಿನಗಳ ನಂತರ ಮೊದಲಿಗಿಂತ ಹಲವು ಪಟ್ಟು ಹೆಚ್ಚಾಗಿ ಹೊರಬೀಳುತ್ತವೆ. ಈ ತಡೆಗೆ ಅರ್ಥವಿದೆ. ಲಕ್ಷಕ್ಕೊಂದು ಇರುವ ಕೋಶವನ್ನು ಹುಡುಕಬೇಕಾದರೆ ಆದಷ್ಟು ಹೆಚ್ಚು ಕೋಶಗಳನ್ನು ಒಂದೆಡೆ ನಿಲ್ಲಿಸಿಕೊಂಡು ನೋಡಬೇಕು.

ಇದನ್ನೇ ಬಳಸಿಕೊಳ್ಳುವ ಔಷಧವೂ ಇದೆ, ಫಿಂಗೊಲಿಮಾಡ್. ಅದು ಆ ಗ್ರಾಹಕವನ್ನು ಕೆಲಸಕ್ಕೆ ಬಾರದಂತೆ ಮಾಡಿ ಲಿಂಫೋಸೈಟುಗಳನ್ನು ಗ್ರಂಥಿಗಳಲ್ಲೇ ಹಿಡಿದಿಡುತ್ತದೆ. ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ದೇಹವೇ ಹಾಳುಮಾಡಿಕೊಳ್ಳುವ ಮಲ್ಟಿಪಲ್ ಸ್ಕ್ಲೀರೋಸಿಸ್‌ಗೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ಪಡೆಯಿತು.

ಹಳೆಯ ಓದುಗ

ಇಷ್ಟೆಲ್ಲ ಅಣುಗಳ ಹೆಸರು ಬೇಕಿತ್ತೇ ಎಂದು ಕೇಳಲಾರೆ, ಓದಿಸಿಕೊಂಡು ಹೋಯಿತು. ಆದರೆ ನೋವಿನ ಮಾತು ಯಾರೂ ಎತ್ತಲಿಲ್ಲ. ಕೋಶಗಳು ಗುಂಪುಗೂಡಿದರೆ ನೋಯಬೇಕು ಏಕೆ?

ಪಾಠದ ಮೇಜು

ಗ್ರಂಥಿಯ ಸುತ್ತ ನಾರಿನ ಒಂದು ಕವಚವಿದೆ. ಒಳಗೆ ಬೇಗ ಬೇಗ ತುಂಬಿದಾಗ ಅದು ಬಿಗಿಯುತ್ತದೆ, ಅಲ್ಲಿನ ನರಗಳು ಅದನ್ನು ನೋವೆಂದು ಹೇಳುತ್ತವೆ. ಉರಿಯೂತದ ರಾಸಾಯನಿಕಗಳು ಆ ನರಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತವೆ. ನಿಧಾನವಾಗಿ ಬೆಳೆಯುವ ಗಂಟು ನೋಯದಿರುವುದೂ ಇದೇ ಕಾರಣಕ್ಕೆ. ಕವಚಕ್ಕೆ ಹೊಂದಿಕೊಳ್ಳಲು ಸಮಯ ಸಿಕ್ಕಿರುತ್ತದೆ.

ಗ್ರಂಥಿ ಸುಮ್ಮನೆ ಉಬ್ಬಿಕೊಳ್ಳುವುದಿಲ್ಲ ಎನ್ನುವುದು ಇನ್ನೊಂದು ಸ್ವಾರಸ್ಯ. ಒಳಗೆ ನಾರುಕೋಶಗಳ ಬಲೆಯೊಂದು ಸದಾ ಬಿಗಿಹಿಡಿದುಕೊಂಡಿರುತ್ತದೆ. ಗಾಜಿನ ಪಟ್ಟಿ ಅವರು ಹೇಳಿದ ಡೆಂಡ್ರೈಟಿಕ್ ಕೋಶಗಳು ಬಂದು ಆ ನಾರುಕೋಶಗಳನ್ನು ಮುಟ್ಟಿದಾಗ ಬಿಗಿ ಸಡಿಲವಾಗುತ್ತದೆ. 2014, 2015ರ ಸುಮಾರಿಗೆ ಎರಡು ಬೇರೆ ಬೇರೆ ತಂಡಗಳು ಇದನ್ನು ಇಲಿಗಳಲ್ಲಿ ತೋರಿಸಿದವು. ಸುದ್ದಿ ತರುವ ಕೋಶವೇ ಜಾಗವನ್ನೂ ಮಾಡಿಕೊಡುತ್ತದೆ. ಈ ಕೋಶಗಳನ್ನು 1973ರಲ್ಲಿ ಹೆಸರಿಟ್ಟು ವಿವರಿಸಿದವರಲ್ಲಿ ಒಬ್ಬರಾದ ರಾಲ್ಫ್ ಸ್ಟೈನ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಬಂತು. ಘೋಷಣೆಗೆ ಮೂರು ದಿನ ಮೊದಲು ಅವರು ತೀರಿಕೊಂಡಿದ್ದರು, ಸಮಿತಿಗೆ ಅದು ಗೊತ್ತಿರಲಿಲ್ಲ.

ಗುಲಾಬಿಮುಳ್ಳು

ಕಿರುಬೆರಳಿಗೆ ಮುಳ್ಳು ಚುಚ್ಚಿ ಬಾವು ಬಂದಿತ್ತು. ಊದಿದ್ದು ಮೊಣಕೈಯ ಒಳಭಾಗದಲ್ಲಿ ಒಂದು ಗಂಟು. ಆಮೇಲೆ ಕಂಕುಳಲ್ಲಿ ಇನ್ನೊಂದು. ಮೊಣಕೈಯಲ್ಲಿ ಗ್ರಂಥಿ ಇದೆಯೆಂದೇ ನನಗೆ ತಿಳಿದಿರಲಿಲ್ಲ.

ರಾತ್ರಿಪಾಳಿ

ಇದೆ, ಮತ್ತು ಸರಿಯಾದ ಬೆರಳಿಗೇ ಚುಚ್ಚಿಸಿಕೊಂಡಿದ್ದೀರಿ. ಕಿರುಬೆರಳು, ಉಂಗುರಬೆರಳಿನ ಕಡೆಯ ದುಗ್ಧರಸ ಮೊದಲು ಮೊಣಕೈಯ ಗ್ರಂಥಿಗೆ ಹೋಗುತ್ತದೆ. ಹೆಬ್ಬೆರಳಿಗೆ ಆಗಿದ್ದರೆ ಹೆಚ್ಚಾಗಿ ನೇರ ಕಂಕುಳಿಗೆ.

ನಾನು ಶುಶ್ರೂಷಕಿ. ಗಂಟು ಎಲ್ಲಿದೆ ಎಂದು ತಿಳಿದೊಡನೆ ನಮ್ಮ ಕಣ್ಣು ಅದಕ್ಕೆ ದುಗ್ಧರಸ ಹರಿದುಬರುವ ಪ್ರದೇಶಕ್ಕೆ ಹೋಗುತ್ತದೆ. ಕಾಲಿನ ಹುಣ್ಣಿಗೆ ತೊಡೆಸಂದು. ಹಲ್ಲಿನ ಬೇರಿನ ಸೋಂಕಿಗೆ ಗದ್ದದ ಕೆಳಗೆ. ಮಕ್ಕಳ ತಲೆಯಲ್ಲಿ ಹೇನು, ಹುಳುಕಡ್ಡಿ ಇದ್ದರೆ ಹಿಂಗತ್ತಿನಲ್ಲಿ ಸಾಲಾಗಿ ಸಣ್ಣ ಗಂಟುಗಳು ಸಿಗುತ್ತವೆ. ತಾಯಂದಿರು ಗಂಟು ತೋರಿಸಲು ಕರೆತರುತ್ತಾರೆ, ನಾವು ಕೂದಲು ಬಿಡಿಸಿ ನೋಡುತ್ತೇವೆ. ರುಬೆಲ್ಲಾದಲ್ಲಿ ಕಿವಿಯ ಹಿಂದೆ ಮತ್ತು ಹಿಂಗತ್ತಿನಲ್ಲಿ ಊದುವುದು ವಿಶೇಷ. ಎಪ್‌ಸ್ಟೀನ್-ಬಾರ್ ವೈರಾಣುವಿನ ಜ್ವರದಲ್ಲಿ ಕುತ್ತಿಗೆಯ ಹಿಂಬದಿಯೂ ಊದುತ್ತದೆ, ಸುಸ್ತು ವಾರಗಟ್ಟಲೆ ಬಿಡುವುದಿಲ್ಲ. ಬೆಕ್ಕು ಪರಚಿದ ಕೆಲವು ವಾರಗಳ ಮೇಲೆ ಕಂಕುಳು ಊದಿದರೆ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ನೆನಪಾಗಬೇಕು. ಪರಚಿದ ಗಾಯ ಅಷ್ಟರಲ್ಲಿ ಮಾಸಿರುವುದರಿಂದ ಎಷ್ಟೋ ಜನ ಬೆಕ್ಕಿನ ವಿಷಯ ಹೇಳುವುದೇ ಇಲ್ಲ.

ಲಸಿಕೆಗೂ ಊದುತ್ತದೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡ ತೋಳಿನ ಕಡೆಯ ಕಂಕುಳಿನ ಗ್ರಂಥಿ ಸ್ತನದ ಎಕ್ಸ್‌ರೇಯಲ್ಲಿ ದೊಡ್ಡದಾಗಿ ಕಂಡು ಎಷ್ಟೋ ಮಹಿಳೆಯರು ಗಾಬರಿಪಟ್ಟರು. ಆಮೇಲೆ ಲಸಿಕೆ ಯಾವ ತೋಳಿಗೆ, ಯಾವಾಗ ಎಂದು ಮೊದಲೇ ಕೇಳುವುದು ರೂಢಿಯಾಯಿತು.

ಮೂರನೆಯ ಮಹಡಿ

ಕಿವಿಯ ಮುಂದೆ, ಕೆನ್ನೆಯ ಪಕ್ಕ ಊದುವುದೂ ಇದೇ ಗ್ರಂಥಿಯೇ? ಅಣ್ಣನ ಮಗನಿಗೆ ಹಾಗೆ ಆದಾಗ ಮಂಗನಬಾವು ಎಂದರು.

ರಾತ್ರಿಪಾಳಿ

ಮಂಗನಬಾವಿನಲ್ಲಿ ಊದುವುದು ಜೊಲ್ಲುಗ್ರಂಥಿ. ದುಗ್ಧಗ್ರಂಥಿಯಲ್ಲ. ಜೊಲ್ಲುಗ್ರಂಥಿ ಊದಿದರೆ ದವಡೆಯ ಮೂಲೆಯೇ ಕೈಗೆ ಸಿಗದಂತೆ ಮುಚ್ಚಿಹೋಗುತ್ತದೆ, ಕಿವಿಯ ಹಾಲೆ ಮೇಲಕ್ಕೆ ತಳ್ಳಿದಂತೆ ಕಾಣುತ್ತದೆ, ಹುಳಿ ತಿಂದರೆ ನೋವು ಹೆಚ್ಚು. ದುಗ್ಧಗ್ರಂಥಿಯಾದರೆ ಮೂಳೆಯ ಅಂಚು ಸ್ಪಷ್ಟವಾಗಿ ಸಿಗುತ್ತದೆ, ಗಂಟು ಅದರ ಕೆಳಗೆ ಬೇರೆಯಾಗಿ ಸಿಗುತ್ತದೆ.

ಇರುಳುಗಣ್ಣು

ಕ್ಷಮಿಸಿ, ಇದನ್ನೆಲ್ಲ ಓದಿ ನನ್ನ ಭಯವೇ ಹೆಚ್ಚಾಯಿತು. ಅಂತರ್ಜಾಲದಲ್ಲಿ ಹುಡುಕಿದರೆ ಎರಡನೆಯ ಸಾಲಿಗೇ ಕ್ಯಾನ್ಸರ್ ಬರುತ್ತದೆ. ನನಗೆ ತೊಡೆಸಂದಿನಲ್ಲಿ ಎರಡು ಸಣ್ಣ ಗಂಟುಗಳಿವೆ, ನೋವಿಲ್ಲ, ಎಷ್ಟೋ ವರ್ಷಗಳಿಂದ ಹಾಗೆಯೇ ಇವೆ. ನೋವಿಲ್ಲದಿದ್ದರೆ ಅಪಾಯ ಎನ್ನುತ್ತಾರಲ್ಲ?

ರಾತ್ರಿಪಾಳಿ

ನೋವೊಂದನ್ನೇ ಹಿಡಿದು ತೀರ್ಮಾನಕ್ಕೆ ಬರಬೇಡಿ. ಹಳೆಯ ಸೋಂಕಿನ ಗಂಟು ನೋಯುವುದಿಲ್ಲ, ಕೆಲವೊಮ್ಮೆ ಕ್ಯಾನ್ಸರಿನ ಗಂಟು ನೋಯುತ್ತದೆ. ತೊಡೆಸಂದಿನಲ್ಲಿ ಒಂದೂವರೆ ಸೆಂಟಿಮೀಟರ್‌ವರೆಗಿನ ಗಂಟುಗಳು ಆರೋಗ್ಯವಂತರಲ್ಲೂ ಸಿಗುತ್ತವೆ, ಕಾಲಿಗೆ ಆಗಾಗ ಆಗುವ ಸಣ್ಣಪುಟ್ಟ ಗಾಯಗಳೇ ಸಾಕು. ವರ್ಷಗಳಿಂದ ಬದಲಾಗದಿರುವುದು ನಿಮ್ಮ ಪರವಾದ ಸಂಗತಿ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಒಮ್ಮೆ ತೋರಿಸಿಬಿಡಿ, ಕೊರಗು ತಪ್ಪುತ್ತದೆ.

ತಡಮಾಡದೆ ತೋರಿಸಬೇಕಾದವು ಬೇರೆ. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಸಿಗುವ ಗಂಟು ಎಷ್ಟೇ ಚಿಕ್ಕದಾದರೂ ಸರಿ, ವಯಸ್ಸು ಎಷ್ಟಾದರೂ ಸರಿ. ಎಡಗಡೆಯ ಆ ಗುಳಿಗೆ ಹೊಟ್ಟೆಯ ಕಡೆಯ ದುಗ್ಧರಸ ಬಂದು ಸೇರುತ್ತದೆ, ಜಠರದ ಕ್ಯಾನ್ಸರ್ ಮೊದಲು ಅಲ್ಲಿ ಕಾಣಿಸಿಕೊಳ್ಳುವುದುಂಟು. ಗಟ್ಟಿಯಾಗಿ, ಕೆಳಗಿನ ಮಾಂಸಕ್ಕೆ ಅಂಟಿಕೊಂಡು ಅಲ್ಲಾಡದ ಗಂಟು. ನಾಲ್ಕರಿಂದ ಆರು ವಾರಗಳಾದರೂ ಇಳಿಮುಖವಾಗದ, ಅಥವಾ ಬೆಳೆಯುತ್ತಲೇ ಇರುವ ಗಂಟು. ಜೊತೆಗೆ ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಬಿಡದ ಜ್ವರ, ಆರು ತಿಂಗಳಲ್ಲಿ ಮೈತೂಕದ ಹತ್ತನೆಯ ಒಂದು ಪಾಲು ಇಳಿದುಹೋಗುವುದು. ಕುತ್ತಿಗೆ, ಕಂಕುಳು, ತೊಡೆಸಂದು ಮೂರೂ ಕಡೆ ಒಟ್ಟಿಗೆ ಊದಿದರೆ ಒಂದು ಜಾಗದ ಸೋಂಕನ್ನು ದೂರಿ ಪ್ರಯೋಜನವಿಲ್ಲ, ರಕ್ತಪರೀಕ್ಷೆ ಬೇಕು. ಫಿನೈಟೊಯಿನ್‌ನಂಥ ಮೂರ್ಛೆರೋಗದ ಮಾತ್ರೆಯಿಂದಲೂ ಹಾಗೆ ಊದಬಹುದು, ಆದ್ದರಿಂದ ತೆಗೆದುಕೊಳ್ಳುತ್ತಿರುವ ಔಷಧಗಳನ್ನೆಲ್ಲ ಹೇಳಿ.

ಗಾಜಿನ ಪಟ್ಟಿ

ಇದಕ್ಕೆ ನನ್ನದೊಂದು ಗೋಳು ಸೇರಿಸುತ್ತೇನೆ. ಗಂಟು ಕರಗಲಿ ಎಂದು ಯಾರೋ ಹೇಳಿದ ಸ್ಟೆರಾಯ್ಡ್ ಮಾತ್ರೆಯನ್ನು ನುಂಗಿ, ಆಮೇಲೆ ಪರೀಕ್ಷೆಗೆ ಬರುವವರಿದ್ದಾರೆ. ಗಂಟು ತಾತ್ಕಾಲಿಕವಾಗಿ ಕುಗ್ಗುತ್ತದೆ, ನಿಜ. ಲಿಂಫೋಮಾ, ಅಂದರೆ ಲಿಂಫೋಸೈಟುಗಳ ಕ್ಯಾನ್ಸರ್, ಇದ್ದರೆ ಅದರ ಕೋಶಗಳೂ ಸತ್ತು, ನಮಗೆ ಗಾಜಿನ ಮೇಲೆ ಓದಲು ಏನೂ ಉಳಿದಿರುವುದಿಲ್ಲ. ತಿಂಗಳುಗಳು ವ್ಯರ್ಥ. ವೈರಾಣು ಜ್ವರದ ಗಂಟಿಗೆ ಆಂಟಿಬಯೋಟಿಕ್ ನುಂಗುವುದೂ ದಂಡವೇ. ತಾನಾಗಿ ಇಳಿದದ್ದರ ಕೀರ್ತಿ ಮಾತ್ರೆಗೆ ಸಲ್ಲುತ್ತದೆ, ಅಷ್ಟೆ.

ಕ್ಷಯವನ್ನೂ ಮರೆಯಬಾರದು. ಕುತ್ತಿಗೆಯಲ್ಲಿ ನಿಧಾನವಾಗಿ ಬೆಳೆದು ಒಂದಕ್ಕೊಂದು ಅಂಟಿಕೊಳ್ಳುವ, ಕೊನೆಗೆ ಒಡೆದು ಸೋರುವ ಗಂಟುಗಳಿಗೆ ಹಿಂದಿನವರು ಗಂಡಮಾಲೆ ಎನ್ನುತ್ತಿದ್ದರು. ಕೆಮ್ಮಿಲ್ಲ, ಕಫವಿಲ್ಲ, ಆದ್ದರಿಂದ ಕ್ಷಯವಲ್ಲ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಸೂಜಿ ಪರೀಕ್ಷೆಯಲ್ಲಿ ಬಹಳಷ್ಟು ಸಲ ತಿಳಿಯುತ್ತದೆ, ಪೂರ್ತಿ ಅವಧಿ ಔಷಧ ತೆಗೆದುಕೊಂಡರೆ ವಾಸಿಯಾಗುತ್ತದೆ.

ಹಳೆಯ ಓದುಗ

ಗಂಡಮಾಲೆ ಎಂದ ಕೂಡಲೇ ನೆನಪಾಯಿತು. ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ರಾಜರು ಮುಟ್ಟಿದರೆ ಈ ರೋಗ ಹೋಗುತ್ತದೆಂಬ ನಂಬಿಕೆ ಶತಮಾನಗಳ ಕಾಲ ಇತ್ತು. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್‌ನನ್ನು ಮಗುವಾಗಿದ್ದಾಗ, 1712ರಲ್ಲಿ, ರಾಣಿ ಆ್ಯನ್ ಮುಟ್ಟಿದ್ದಳು. ರೋಗ ಹೋಗಲಿಲ್ಲ. ಗ್ರಂಥಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಕಲೆಯನ್ನು ಆತ ಕೊನೆಯವರೆಗೂ ಹೊತ್ತಿದ್ದ.

ಪ್ಲೇಗಿನ ಗಡ್ಡೆಯೂ ಇದೇ ಗ್ರಂಥಿಯಲ್ಲವೇ? ಜರಡಿಯ ಮಾತನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಾರೆ. ಅಲ್ಲಿ ಸಿಕ್ಕಿಕೊಂಡಿದ್ದು ರೋಗಾಣುವೇ ತಾನೇ?

ಪಾಠದ ಮೇಜು

ಅಲ್ಲಿ ನಿಮ್ಮ ಮಾತು ಪೂರ್ತಿ ನಿಲ್ಲುತ್ತದೆ. ಚಿಗಟ ಹೆಚ್ಚಾಗಿ ಕಾಲಿಗೆ ಕಚ್ಚುವುದರಿಂದ ಪ್ಲೇಗಿನ ಗಡ್ಡೆ ತೊಡೆಸಂದಿನಲ್ಲೇ ಹೆಚ್ಚು. ಬ್ಯಾಕ್ಟೀರಿಯಾ ಗ್ರಂಥಿಯನ್ನು ತಲುಪಿ, ಕಾವಲಿಗಿರುವ ಕೋಶಗಳನ್ನೇ ಮಣಿಸಿ, ಅಲ್ಲಿ ಕೋಟಿಗಟ್ಟಲೆ ಬೆಳೆಯುತ್ತದೆ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಸತ್ತವರ ಗಡ್ಡೆಯಿಂದಲೇ ಅದನ್ನು ತೆಗೆದು ಗುರುತಿಸಿದ. ಅದಕ್ಕೆ ಈಗ ಅವನ ಹೆಸರೇ ಇದೆ. ಆದರೆ ಅದು ಗ್ರಂಥಿ ಸೋತಾಗಿನ ಊತ. ಸಂಜೆಮಲ್ಲಿಗೆಯವರ ಮಗಳದ್ದು ಗ್ರಂಥಿ ಕೆಲಸ ಮಾಡಿದಾಗಿನ ಊತ. ಹೊರಗಿನಿಂದ ಎರಡೂ ಗಂಟೇ, ಒಳಗೆ ನಡೆದದ್ದು ತೀರ ಬೇರೆ.

ಸಂಜೆಮಲ್ಲಿಗೆ

ಎಲ್ಲರಿಗೂ ಧನ್ಯವಾದ. ಮೂರನೆಯ ಪ್ರಶ್ನೆ ಮಾತ್ರ ಉಳಿಯಿತು. ಜ್ವರ ಬಿಟ್ಟ ಮೇಲೂ ಏಕೆ ಇಳಿದಿಲ್ಲ? ಮತ್ತೆ, ಬಲಗಡೆಯದು ಎಡಗಡೆಯದಕ್ಕಿಂತ ದೊಡ್ಡದಾಗಿದೆ. ಇದು ಚಿಂತಿಸುವ ವಿಷಯವೇ?

ಪಾಠದ ಮೇಜು

ಜ್ವರ ಬಿಡುವ ಹೊತ್ತಿಗೆ ಗ್ರಂಥಿಯ ಎರಡನೆಯ ಕೆಲಸ ಇನ್ನೂ ಅರ್ಧದಲ್ಲಿರುತ್ತದೆ. ಸೋಂಕು ತಗುಲಿದ ಸುಮಾರು ಒಂದು ವಾರಕ್ಕೆ ಗ್ರಂಥಿಯೊಳಗೆ ಬಿ ಕೋಶಗಳು (ಪ್ರತಿಕಾಯ ಮಾಡುವ ಲಿಂಫೋಸೈಟುಗಳು) ಗುಂಪುಗಳಾಗಿ ಸೇರಿ, ತಾವು ಮಾಡುವ ಪ್ರತಿಕಾಯ ರೋಗಾಣುವಿಗೆ ಇನ್ನಷ್ಟು ಗಟ್ಟಿಯಾಗಿ ಅಂಟುವಂತೆ ತಮ್ಮ ವಂಶವಾಹಿಯನ್ನೇ ತಿದ್ದಿಕೊಳ್ಳತೊಡಗುತ್ತವೆ. ತಿದ್ದಿಕೊಂಡದ್ದು ಸರಿಯಾಗದ ಕೋಶಗಳು ಸಾಯುತ್ತವೆ. ಗಾಜಿನ ಪಟ್ಟಿ ಅವರು ಭಕ್ಷಕಕೋಶದ ಹೊಟ್ಟೆಯಲ್ಲಿ ಕಂಡ ಚೂರುಗಳು ಬಹುಪಾಲು ಇಂಥವೇ. ಈ ಆಯ್ಕೆ ವಾರಗಟ್ಟಲೆ ನಡೆಯುತ್ತದೆ. ಮುಗಿದ ಮೇಲೆ ಹೆಚ್ಚುವರಿ ಕೋಶಗಳು ಸಾಯಬೇಕು ಅಥವಾ ಹೊರಹೋಗಬೇಕು, ಸಡಿಲವಾದ ಬಲೆ ಮತ್ತೆ ಬಿಗಿಯಬೇಕು. ಎರಡರಿಂದ ನಾಲ್ಕು ವಾರ ಹಿಡಿಯುವುದು ಸಾಮಾನ್ಯ. ಮಕ್ಕಳಿಗೆ ಅಷ್ಟರಲ್ಲಿ ಮುಂದಿನ ನೆಗಡಿ ಬಂದಿರುತ್ತದೆ, ಗ್ರಂಥಿಗೆ ಬಿಡುವೇ ಇಲ್ಲ.

ರಾತ್ರಿಪಾಳಿ

ಎರಡು ಕಡೆ ಸರಿಸಮನಾಗಿ ಊದಬೇಕೆಂಬ ನಿಯಮವಿಲ್ಲ. ಯಾವ ಕಡೆಯ ಟಾನ್ಸಿಲ್‌ಗೆ ಹೆಚ್ಚು ಸೋಂಕಿತ್ತೋ ಆ ಕಡೆಯದು ದೊಡ್ಡದಾಗಿರುತ್ತದೆ. ಗಂಟು ಪೂರ್ತಿ ಮಾಯವಾಗದೆ ಕಿರಿದಾಗಿ ತಿಂಗಳುಗಳ ಕಾಲ ಕೈಗೆ ಸಿಗುತ್ತಿದ್ದರೂ ಮಗು ಆಡಿಕೊಂಡು ತಿಂದುಕೊಂಡು ಇದ್ದರೆ ಗಾಬರಿ ಬೇಡ.

ದಿನಕ್ಕೆ ಹತ್ತು ಸಲ ಒತ್ತಿ ನೋಡಬೇಡಿ. ಒತ್ತಿ ಒತ್ತಿಯೇ ಅದು ನೋಯುತ್ತದೆ, ನೋಯುತ್ತದೆಂದು ಇನ್ನೊಮ್ಮೆ ಒತ್ತುತ್ತೀರಿ. ಎರಡು ವಾರಕ್ಕೊಮ್ಮೆ ಸಾಕು, ಅದೂ ಮಗು ಕುತ್ತಿಗೆ ಸಡಿಲ ಬಿಟ್ಟು ಕೂತಿರುವಾಗ, ಬೆರಳ ತುದಿಯಿಂದ ಹಗುರವಾಗಿ. ಉದ್ದ ಎಷ್ಟು ಎಂದು ಅಳತೆಪಟ್ಟಿ ಹಿಡಿದು ಬರೆದಿಟ್ಟುಕೊಳ್ಳಿ. ಬರೆದಿಟ್ಟ ಅಂಕಿ ಏರುತ್ತ ಹೋದರೆ ಆ ಚೀಟಿಯೊಂದಿಗೆ ಅದೇ ವೈದ್ಯರ ಬಳಿ ಹೋಗಿ, ಈ ಸಲ ಸಂಕೋಚವಿಲ್ಲದೆ ಕೇಳಿ.